ಎಟಿಆರ್ ಅಂದ್ರೆ ಎಂತ ವಿಮಾನ? ಸದ್ದು, ಕುಲುಕಾಟ, ಸೀಟು, ಕಿವಿನೋವು ಎಲ್ಲ ಬಿಡಿಸಿ ನೋಡುವ

ಶಿರಾಡಿಯಲ್ಲಿ ಗುಡ್ಡ ಜರಿದು ರಸ್ತೆ ಬಂದ್ ಆಯ್ತು ಅಂದ್ರೆ ನಮ್ಮ ಕಡೆಯವರಿಗೆ ಬೆಂಗಳೂರು ಒಮ್ಮೆಗೇ ದೂರ ಆಗ್ತದೆ. ಚಾರ್ಮಾಡಿಯಲ್ಲಿ ಗಾಡಿಗಳ ಸಾಲು, ರೈಲಲ್ಲಿ ವೈಟಿಂಗ್ ಲಿಸ್ಟು, ಆಗ ವಿಮಾನದ ಟಿಕೆಟ್ ನೋಡುವವರು ಜಾಸ್ತಿ ಆಗ್ತಾರೆ, ಅದರಲ್ಲೂ ಇಷ್ಟು ವರ್ಷ ವಿಮಾನ ಹತ್ತದವರು, ಆಸ್ಪತ್ರೆ ಕೆಲಸಕ್ಕೆ ಹೋಗುವ ಪ್ರಾಯದವರು. ಬ್ರಹ್ಮಾವರದ ನಮ್ಮ ದೊಡ್ಡಮ್ಮನಿಗೂ ಹಾಗೇ ಆಯ್ತು. ಬೆಂಗಳೂರಲ್ಲಿ ಮೊಣಕಾಲಿನ ಡಾಕ್ಟರು ಡೇಟ್ ಕೊಟ್ಟಿದ್ರು, ಬಸ್ಸಿಲ್ಲ, ನಾನು ಮೊಬೈಲಲ್ಲಿ ವಿಮಾನದ ಟಿಕೆಟ್ ಮಾಡಿದೆ. ಸಂಜೆ ಫೋನ್ ಬಂತು. "ಮಗಾ, ಅದು ಫ್ಯಾನು ಇರುವ ಸಣ್ಣ ವಿಮಾನವಂತೆ ಅಲ್ವಾ, ಸಿಕ್ಕಾಪಟ್ಟೆ ಕುಲುಕ್ತದಂತೆ, ಕಿವಿ ಹೋಗುವಷ್ಟು ಸದ್ದಂತೆ, ಆಚೆ ಮನೆಯವ್ರು ಹೇಳಿದ್ರು, ನಾನು ಬರುದಿಲ್ಲ ಮಾರಾಯ."

ಆಚೆ ಮನೆಯವರು ಹೇಳಿದ್ದು ಪೂರ್ತಿ ಸುಳ್ಳಲ್ಲ, ಪೂರ್ತಿ ಸತ್ಯವೂ ಅಲ್ಲ. ಸಣ್ಣ ವಿಮಾನ ಅಂತ ಎಲ್ಲವನ್ನೂ ಒಂದೇ ಗೋಣಿಗೆ ಹಾಕ್ಲಿಕ್ಕೆ ಆಗುದಿಲ್ಲ, ಒಂದರಲ್ಲಿ ಸದ್ದು ಜಾಸ್ತಿ ಸೀಟು ಒಳ್ಳೇದು, ಇನ್ನೊಂದರಲ್ಲಿ ಸದ್ದಿಲ್ಲ ಆದ್ರೆ ತಲೆ ಬಗ್ಗಿಸಿ ನಡೀಬೇಕು. ಯಾರಿಗೆ ಯಾವುದರಿಂದ ತೊಂದರೆ ಅನ್ನುದರ ಮೇಲೆ ಹೋಗ್ತದೆ ಎಲ್ಲ. ದೊಡ್ಡಮ್ಮನಿಗೆ ಅವತ್ತು ಫೋನಲ್ಲಿ ಹೇಳಿದ್ದನ್ನೇ ಸ್ವಲ್ಪ ಉದ್ದ ಮಾಡಿ ಇಲ್ಲಿ ಬರೀತಿದ್ದೇನೆ.

ನಮಗೆ ಸಿಗುವ ಸಣ್ಣ ವಿಮಾನಗಳು ಯಾವುವು

ಟಿಕೆಟ್ ಬುಕ್ ಮಾಡುವಾಗ ಫ್ಲೈಟ್ ನಂಬರಿನ ಹತ್ತಿರ ಅಥವಾ ಡಿಟೇಲ್ಸ್ ಒತ್ತಿದ್ರೆ ವಿಮಾನದ ಹೆಸರು ಬರ್ತದೆ, ಹೆಚ್ಚಿನವರು ಅದನ್ನು ನೋಡುದೇ ಇಲ್ಲ. ಎ320 ಅಥವಾ 737 ಅಂತ ಇದ್ರೆ ಅದು ದೊಡ್ಡ ಜೆಟ್, ಒಂದು ಸಾಲಿಗೆ ಆರು ಸೀಟು, ಮಧ್ಯದಲ್ಲಿ ಒಂದು ಓಣಿ. ಎಟಿಆರ್ 72 ಅಂತ ಇದ್ರೆ ಅದು ಫ್ಯಾನಿನ ವಿಮಾನ, ಆ ಕಡೆ ಎರಡು ಈ ಕಡೆ ಎರಡು ಸೀಟು. ಫ್ರಾನ್ಸಿನ ತುಲೂಸ್‌ನಲ್ಲಿ ತಯಾರಾಗ್ತದೆ, ಏರ್‌ಬಸ್ ಮತ್ತೆ ಇಟಲಿಯ ಲಿಯೊನಾರ್ಡೊ ಸೇರಿ ನಡೆಸುವ ಕಂಪನಿ ಅದು. ಇಂಡಿಗೋದವರು 2017ರ ಕೊನೆಗೆ ಎಟಿಆರ್ ಶುರು ಮಾಡಿದ್ರು, ಅವರದ್ದರಲ್ಲಿ 78 ಸೀಟು. ಅಲಯನ್ಸ್ ಏರ್‌ನವರ ಎಟಿಆರ್‌ನಲ್ಲಿ 70 ಸೀಟು. ವಿಮಾನ ಒಂದೇ, ಉದ್ದ ಒಂದೇ, ಎಂಟು ಸೀಟು ಕಮ್ಮಿ ಅಂದ್ರೆ ಕಾಲಿಗೆ ಜಾಗ ಎಲ್ಲಿ ಜಾಸ್ತಿ ಸಿಗ್ತದೆ ಅಂತ ನೀವೇ ಲೆಕ್ಕ ಹಾಕಿ.

ಎಟಿಆರ್‌ನ ಹಾಗೇ ಕಾಣುವ ಇನ್ನೊಂದು ಫ್ಯಾನಿನ ವಿಮಾನ ಕ್ಯೂ400, ಕೆನಡಾದ್ದು, ಸ್ಪೈಸ್‌ಜೆಟ್‌ನವರು ಓಡಿಸಿದ್ದು. ಇನ್ನು ಬ್ರೆಜಿಲಿನ ಎಂಬ್ರಾಯರ್ ಕಂಪನಿಯ ಸಣ್ಣ ಜೆಟ್‌ಗಳು ಉಂಟು, 50 ಸೀಟಿನ 145 ಮತ್ತೆ ಅದಕ್ಕಿಂತ ದೊಡ್ಡ 175. ಬೆಂಗಳೂರಿನ ಸ್ಟಾರ್ ಏರ್‌ನವರ ಹತ್ತಿರ ಇವು ಇರುದು, ಬೆಳಗಾವಿ ಕಲಬುರಗಿ ಕಡೆ ಹೋದವರಿಗೆ ಗೊತ್ತಿರ್ತದೆ. ಕೊನೆಗೆ 19 ಸೀಟಿನ ಡಾರ್ನಿಯರ್ 228, ನಮ್ಮ ಎಚ್‌ಎಎಲ್‌ನವರು ಕಾನ್ಪುರದಲ್ಲಿ ಮಾಡುದು, ಅಲಯನ್ಸ್ ಏರ್ 2022ರಲ್ಲಿ ಅದನ್ನು ಈಶಾನ್ಯ ರಾಜ್ಯಗಳಲ್ಲಿ ಓಡಿಸ್ಲಿಕ್ಕೆ ಶುರು ಮಾಡಿತು, ನಮ್ಮ ಊರಿನವರಿಗೆ ಅದು ಸಿಗುದು ಕಮ್ಮಿ.

ಫ್ಯಾನು ಅಂದ ಕೂಡ್ಲೆ ಹಳೇ ವಿಮಾನ ಅಂತ ಅಲ್ಲ

ಮಂಗಳೂರಿನ ಬಜಪೆಯಲ್ಲಿ ವಿಮಾನ ನಿಲ್ದಾಣ ಶುರುವಾದದ್ದು 1951ರ ಡಿಸೆಂಬರ್ 25ಕ್ಕೆ, ಪ್ರಧಾನಿ ನೆಹರೂ ಅವರು ಡಕೋಟ ವಿಮಾನದಲ್ಲಿ ಬಂದು ಇಳಿದಿದ್ರು. ಅದೂ ಫ್ಯಾನಿನ ವಿಮಾನವೇ. ಆದ್ರೆ ಅದರ ಎಂಜಿನ್ ಒಳಗೆ ಇದ್ದದ್ದು ಕಾರಿನ ಎಂಜಿನ್‌ನ ಹಾಗೆ ಮೇಲೆ ಕೆಳಗೆ ಹೋಗುವ ಪಿಸ್ಟನ್. ಎಟಿಆರ್‌ನ ಒಳಗೆ ಇರುದು ಜೆಟ್ ಎಂಜಿನ್ನಿನ ಅಣ್ಣತಮ್ಮ. ಗಾಳಿ ಎಳ್ಕೊಂಡು, ಒತ್ತಿ, ಇಂಧನ ಉರಿಸಿ, ಬಿಸಿ ಗಾಳಿಯಿಂದ ಟರ್ಬೈನ್ ತಿರುಗಿಸುದು ಎರಡರಲ್ಲೂ ಒಂದೇ ಕ್ರಮ. ದೊಡ್ಡ ಜೆಟ್‌ನಲ್ಲಿ ಆ ಟರ್ಬೈನ್ ಎಂಜಿನ್ ಡಬ್ಬಿಯೊಳಗಿನ ಫ್ಯಾನನ್ನು ತಿರುಗಿಸ್ತದೆ, ಎಟಿಆರ್‌ನಲ್ಲಿ ಗೇರ್‌ಬಾಕ್ಸ್ ಮೂಲಕ ಹೊರಗಿನ ದೊಡ್ಡ ಫ್ಯಾನನ್ನು ತಿರುಗಿಸ್ತದೆ, ವ್ಯತ್ಯಾಸ ಅಷ್ಟೇ. ಇದಕ್ಕೆ ಟರ್ಬೊಪ್ರಾಪ್ ಅಂತ ಹೆಸರು.

ಮತ್ತೆ ಕಂಪನಿಯವರು ಎಲ್ಲ ಕಡೆ ಜೆಟ್ಟೇ ಯಾಕೆ ಹಾಕುದಿಲ್ಲ? ಮಂಗಳೂರಿಂದ ಬೆಂಗಳೂರಿಗೆ ಆಕಾಶದಲ್ಲಿ ಹೆಚ್ಚುಕಮ್ಮಿ 300 ಕಿಲೋಮೀಟರ್. ಎಟಿಆರ್ ಗಂಟೆಗೆ 510 ಕಿಲೋಮೀಟರ್ ಹತ್ತಿರ ಹೋಗ್ತದೆ, ದೊಡ್ಡ ಜೆಟ್ 830ರ ಆಸುಪಾಸು. ಕಾಗದದ ಮೇಲೆ ದೊಡ್ಡ ವ್ಯತ್ಯಾಸ, ಆದ್ರೆ 300 ಕಿಲೋಮೀಟರಿಗೆ ಲೆಕ್ಕ ಹಾಕಿದ್ರೆ 35 ನಿಮಿಷ ಮತ್ತೆ 22 ನಿಮಿಷ, ಅಂದ್ರೆ 13 ನಿಮಿಷದ ಅಂತರ. ಅದೂ ಇಡೀ ದಾರಿ ಪೂರ್ತಿ ವೇಗದಲ್ಲಿ ಹೋದ್ರೆ. ಜೆಟ್ ಮೇಲೆ ಹತ್ತಿ ವೇಗ ಹಿಡಿಯುವಷ್ಟರಲ್ಲಿ ಇಳೀಲಿಕ್ಕೆ ಶುರು ಮಾಡ್ಬೇಕು, ಮಣಿಪಾಲದಿಂದ ಉಡುಪಿಗೆ ಹೋಗುವಾಗ ಕಾರಿಗೆ ಟಾಪ್ ಗೇರ್ ಹಾಕ್ಲಿಕ್ಕೆ ಜಾಗ ಸಿಗುದಿಲ್ಲ ಅಲ್ವಾ ಹಾಗೆ. ಇಂತ ಸಣ್ಣ ದಾರಿಯಲ್ಲಿ ಟರ್ಬೊಪ್ರಾಪ್ ಕುಡಿಯುವ ಇಂಧನ ಕಮ್ಮಿ, ಉದ್ದ ರನ್‌ವೇಯೂ ಬೇಡ. 2017ರ ಏಪ್ರಿಲ್ 27ಕ್ಕೆ, ಸಣ್ಣ ಊರುಗಳಿಗೂ ವಿಮಾನ ಓಡಿಸುವ ಕೇಂದ್ರ ಸರ್ಕಾರದ ಉಡಾನ್ ಯೋಜನೆಯ ಮೊದಲ ವಿಮಾನ ಶಿಮ್ಲಾದಿಂದ ದೆಹಲಿಗೆ ಹಾರಿತಲ್ಲ, ಅದೂ ಎಟಿಆರ್‌ನ ಸಣ್ಣ ಮಾದರಿ, ಎಟಿಆರ್ 42.

ಸದ್ದು: ಟ್ರಾನ್ಸ್‌ಫಾರ್ಮರ್ ಗುಂಯ್ ಅನ್ನುದಕ್ಕೂ ಇದಕ್ಕೂ ಸಂಬಂಧ ಉಂಟು

ಸದ್ದು ಹೌದು, ಎಟಿಆರ್‌ನಲ್ಲಿ ಜಾಸ್ತಿಯೇ, ಅದನ್ನು ಮುಚ್ಚಿಡುದು ಬೇಡ. ಆದ್ರೆ ಅದು ಎಂತ ಸದ್ದು ಅಂತ ಗೊತ್ತಾದ್ರೆ ಅದಕ್ಕೆ ಮದ್ದೂ ಗೊತ್ತಾಗ್ತದೆ.

ಎಟಿಆರ್ 72-600ರ ಫ್ಯಾನಿಗೆ ಆರು ಬ್ಲೇಡು. ಮೇಲೆ ಹೋಗಿ ನೆಟ್ಟಗೆ ಹಾರುವಾಗ ಅದು ನಿಮಿಷಕ್ಕೆ ಸುಮಾರು 984 ಸುತ್ತು ತಿರುಗ್ತದೆ, ಅಂದ್ರೆ ಸೆಕೆಂಡಿಗೆ 16 ಸುತ್ತಿನ ಮೇಲೆ. ಪ್ರತಿ ಸುತ್ತಿಗೆ ಆರು ಬ್ಲೇಡ್ ನಿಮ್ಮ ಕಿಟಕಿಯ ಎದುರು ಗಾಳಿಗೆ ಹೊಡೀತವೆ, ಗುಣಿಸಿದ್ರೆ ಸೆಕೆಂಡಿಗೆ ಹತ್ತತ್ತಿರ 98 ಪೆಟ್ಟು. ಅದು ಕಿವಿಗೆ ಬೇರೆ ಬೇರೆ ಪೆಟ್ಟಾಗಿ ಕೇಳುದಿಲ್ಲ, ಒಂದು ತಗ್ಗು ಸ್ವರದ ಗುಂಯ್ ಆಗಿ ಕೇಳ್ತದೆ. ನಮ್ಮ ರಸ್ತೆ ಬದಿಯ ಕರೆಂಟಿನ ಟ್ರಾನ್ಸ್‌ಫಾರ್ಮರ್ ಗುಂಯ್ ಅನ್ನುದು ಸೆಕೆಂಡಿಗೆ 100ರ ಲೆಕ್ಕದಲ್ಲಿ, ಎರಡೂ ಒಂದೇ ಸ್ವರ ಅಂತ ಹೇಳ್ಬಹುದು, ಜೋರು ಮಾತ್ರ ಬೇರೆ. ಟ್ರಾನ್ಸ್‌ಫಾರ್ಮರ್ ಹತ್ತಿರ ಒಮ್ಮೆ ನಿಂತು ಕೇಳಿ, ಆಮೇಲೆ ಎಟಿಆರ್ ಹತ್ತಿದಾಗ ಗುರುತು ಸಿಗ್ತದೆ. ದೊಡ್ಡ ಜೆಟ್‌ನ ಸದ್ದು ಹಾಗಲ್ಲ, ಅದು ಜೋರು ಗಾಳಿಮಳೆಯಲ್ಲಿ ತೆಂಗಿನ ಗರಿ ಒಟ್ಟಿಗೇ ಶಬ್ದ ಮಾಡಿದ ಹಾಗೆ ಸೊಂಯ್ ಅಂತ.

ತಗ್ಗು ಸ್ವರ ಕಿವಿಗೆ ಮಾತ್ರ ಅಲ್ಲ, ಮೈಗೂ ತಾಗ್ತದೆ. ಸೀಟಿನ ಕೈಯಲ್ಲಿ, ಕಾಲಡಿಯಲ್ಲಿ ಸಣ್ಣ ನಡುಕ ಗೊತ್ತಾಗ್ತದೆ, ಎದುರಿನ ಟ್ರೇ ಮೇಲೆ ಇಟ್ಟ ನೀರಿನ ಗ್ಲಾಸಿನಲ್ಲಿ ಉಂಗುರ ಉಂಗುರ ಅಲೆ ಕಾಣ್ತದೆ. ತಲೆಯನ್ನು ಕಿಟಕಿ ಗೋಡೆಗೆ ಆನಿಸಿ ಮಲಗಿದ್ರೆ ಆ ನಡುಕ ನೇರ ತಲೆಗೆ ಬರ್ತದೆ, ತಲೆನೋವು ಬರುವವರು ಆನಿಸ್ಬೇಡಿ.

ಇನ್ನೊಂದು ವಿಷಯ, ಇದನ್ನು ಗೊತ್ತಿಲ್ಲದೆ ಸುಮಾರು ಜನ ಹೆದರ್ತಾರೆ. ಟೇಕಾಫ್ ಆಗುವಾಗ ಫ್ಯಾನು ನಿಮಿಷಕ್ಕೆ 1,200 ಸುತ್ತು ತಿರುಗ್ತದೆ. ನೆಲ ಬಿಟ್ಟು ಸ್ವಲ್ಪ ಮೇಲೆ ಹೋದ ಮೇಲೆ ಪೈಲಟ್ ಅದನ್ನು 984ಕ್ಕೆ ಇಳಿಸ್ತಾರೆ, ಆಗ ಇಡೀ ವಿಮಾನದ ಸದ್ದು ಒಮ್ಮೆಲೇ ಇಳಿದ ಹಾಗೆ ಆಗ್ತದೆ. ಎಂಜಿನ್ ಆಫ್ ಆಯ್ತಾ ಅಂತ ಪಕ್ಕದವರ ಕೈ ಹಿಡ್ಕೊಳ್ಳುವವರನ್ನು ನಾನು ನೋಡಿದ್ದೇನೆ. ಬಸ್ಸಿನ ಡ್ರೈವರ್ ಏರು ದಾಟಿ ಗೇರ್ ಬದಲಾಯಿಸಿದಾಗ ಎಂಜಿನ್ ಕೂಗು ತಗ್ಗುದಿಲ್ವಾ, ಅದೇ ಇದು.

ಕೆಲವೊಮ್ಮೆ ವ್ವಂ... ವ್ವಂ... ಅಂತ ಸದ್ದು ಏರಿ ಇಳಿದ ಹಾಗೆಯೂ ಕೇಳ್ತದೆ. ಎರಡು ಫ್ಯಾನು ಕೂದಲೆಳೆಯಷ್ಟು ಬೇರೆ ವೇಗದಲ್ಲಿ ತಿರುಗಿದ್ರೆ ಹಾಗಾಗುದು. ಎರಡು ಶ್ರುತಿಪೆಟ್ಟಿಗೆ ಒಟ್ಟಿಗೆ ಇಟ್ಟು ಒಂದನ್ನು ಒಂಚೂರು ಹೆಚ್ಚುಕಮ್ಮಿ ಮಾಡಿದ್ರೆ ಸ್ವರ ಅಲೆಯಾಡ್ತದಲ್ಲ, ಯಕ್ಷಗಾನದ ಭಾಗವತರಿಗೆ ಇದು ಹೇಳಿಕೊಡ್ಬೇಕಾಗಿಲ್ಲ. ಎರಡೂ ಫ್ಯಾನಿನ ವೇಗ ಹೊಂದಿಸುವ ವ್ಯವಸ್ಥೆ ವಿಮಾನದಲ್ಲೇ ಉಂಟು, ಆದ್ರೂ ಒಮ್ಮೊಮ್ಮೆ ಕೇಳ್ತದೆ, ಅದು ಕೆಟ್ಟು ಹೋದ ಲಕ್ಷಣ ಅಲ್ಲ.

ಇನ್ನು ಎಲ್ಲಿ ಕೂತ್ರೆ ಸದ್ದು ಕಮ್ಮಿ. ಎಟಿಆರ್‌ನಲ್ಲಿ ಫ್ಯಾನಿನ ನೇರಕ್ಕೆ ಬರುವ ಮುಂದಿನ ಸಾಲುಗಳಲ್ಲಿ ಸದ್ದು ಜಾಸ್ತಿ, ಹಿಂದೆ ಹಿಂದೆ ಹೋದ ಹಾಗೆ ಕಮ್ಮಿ. ಮುಂದಿನ ಸೀಟಿಗೆ ಎಕ್ಸ್‌ಟ್ರಾ ದುಡ್ಡು ಕೊಟ್ಟು ಕೂತವರು ಹೆಚ್ಚು ಸದ್ದು ಕೇಳ್ಬೇಕಾಗ್ತದೆ. ಎಂಬ್ರಾಯರ್ 145ರಲ್ಲಿ ಸರೀ ಉಲ್ಟಾ, ಅದರ ಎಂಜಿನ್ ಇರುದು ಬಾಲದ ಹತ್ತಿರ, ಮುಂದೆ ಕೂತವರಿಗೆ ಎಂಜಿನ್ ಉಂಟು ಅಂತಲೇ ಗೊತ್ತಾಗುದಿಲ್ಲ, ಹಿಂದಿನ ಸಾಲಿನವರಿಗೆ ಕಿವಿಯ ಬುಡದಲ್ಲೇ. ಎಂಬ್ರಾಯರ್ 175ರ ಎಂಜಿನ್ ರೆಕ್ಕೆಯ ಕೆಳಗೆ, ಅದರಲ್ಲಿಯೂ ಮುಂದೆಯೇ ಒಳ್ಳೇದು. ಕ್ಯೂ400ರ ಹೆಸರಲ್ಲಿರುವ ಕ್ಯೂ ಅಂದ್ರೆ ಇಂಗ್ಲಿಷಿನ ಕ್ವಯಟ್, ಸದ್ದಿಲ್ಲದ್ದು ಅಂತ ಅರ್ಥ. ಫ್ಯಾನಿಂದ ಬರುವ ನಡುಕವನ್ನು ಮೈಕ್‌ಗಳಲ್ಲಿ ಕೇಳಿ, ಅದಕ್ಕೆ ಸರೀ ಎದುರಾಗುವ ನಡುಕವನ್ನು ವಿಮಾನದ ಮೈಗೇ ಕೊಟ್ಟು, ಎರಡೂ ಒಂದನ್ನೊಂದು ತಿಂದು ಹಾಕುವ ಹಾಗೆ ಮಾಡಿದ್ದಾರೆ ಅದರಲ್ಲಿ.

ಇದೇ ಕ್ರಮ ನಿಮ್ಮ ಕಿವಿಯಲ್ಲೂ ಮಾಡ್ಬಹುದು. ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ಒಳ್ಳೇದಾಗಿ ಕೆಲಸ ಮಾಡುದು ಇಂತ ತಗ್ಗು ಸ್ವರದ, ಒಂದೇ ಸಮ ಇರುವ ಸದ್ದಿಗೆ, ಹಾಗಾಗಿ ಎಟಿಆರ್‌ನಲ್ಲಿ ಅದರ ದುಡ್ಡು ವಸೂಲಾಗ್ತದೆ. ಅದಿಲ್ಲದಿದ್ರೆ ಮೆಡಿಕಲ್ ಶಾಪಲ್ಲಿ ಸಿಗುವ ಸ್ಪಂಜಿನ ಇಯರ್‌ಪ್ಲಗ್ ಆದ್ರೂ ಸಾಕು.

ಕುಲುಕಾಟ: ಅಳಿವೆಯಲ್ಲಿ ನಾಡದೋಣಿ ಮತ್ತೆ ಟ್ರಾಲ್ ಬೋಟು

ಮಲ್ಪೆಯವರಿಗೆ ಇದು ಬೇಗ ಅರ್ಥ ಆಗ್ತದೆ. ಅಳಿವೆ ದಾಟುವಾಗ ಒಂದೇ ಅಲೆಗೆ ನಾಡದೋಣಿ ಎಷ್ಟು ಎದ್ದು ಬೀಳ್ತದೆ, ಐಸು ಮೀನು ತುಂಬಿದ ಟ್ರಾಲ್ ಬೋಟು ಎಷ್ಟು? ಅಲೆ ಅದೇ, ಹಗುರ ಇದ್ದದ್ದು ಜಾಸ್ತಿ ಏಳ್ತದೆ.

ಆಕಾಶದಲ್ಲೂ ಹಾಗೆ, ಆದ್ರೆ ಬರೀ ತೂಕ ಅಲ್ಲ, ಎಷ್ಟು ರೆಕ್ಕೆಯ ಮೇಲೆ ಎಷ್ಟು ತೂಕ ಅನ್ನುದು ಮುಖ್ಯ. ಎಟಿಆರ್ 72-600 ತುಂಬಿ ಹೊರಟಾಗ ಹೆಚ್ಚಂದ್ರೆ 23,000 ಕಿಲೋ, ರೆಕ್ಕೆಯ ವಿಸ್ತೀರ್ಣ 61 ಚದರ ಮೀಟರ್, ಭಾಗಿಸಿದ್ರೆ ಒಂದು ಚದರ ಮೀಟರ್ ರೆಕ್ಕೆಗೆ 377 ಕಿಲೋ. ಎ320 ನಿಯೋದಲ್ಲಿ 79,000 ಕಿಲೋ, ರೆಕ್ಕೆ 122 ಚದರ ಮೀಟರ್ ಚಿಲ್ಲರೆ, ಅಲ್ಲಿ ಲೆಕ್ಕ 640ರ ಮೇಲೆ ಹೋಗ್ತದೆ. ಕೆಳಗಿಂದ ಒಂದು ಗಾಳಿ ಬಂದು ರೆಕ್ಕೆಗೆ ಒತ್ತಿದ್ರೆ ಹಗುರವಾಗಿ ಲೋಡ್ ಆದ ರೆಕ್ಕೆ ಬೇಗ ಎದ್ದು ಹೋಗ್ತದೆ. ಕ್ಯೂ400 ಮತ್ತೆ ಎಂಬ್ರಾಯರ್ 175 ಇವೆರಡರ ಮಧ್ಯೆ ಬರ್ತವೆ.

ಆದ್ರೆ ಇದಕ್ಕೆ ಇನ್ನೊಂದು ಮಗ್ಗುಲು ಉಂಟು, ಅದನ್ನು ಯಾರೂ ಹೇಳುದಿಲ್ಲ. ಹೊಂಡ ಬಿದ್ದ ರಸ್ತೆಯಲ್ಲಿ ಸ್ಕೂಟರ್ 20ರಲ್ಲಿ ಹೋದ್ರೆ ಒಂದು ರೀತಿ, 60ರಲ್ಲಿ ಹೋದ್ರೆ ಸೊಂಟ ಹೋಗ್ತದೆ. ಎಟಿಆರ್ ನಿಧಾನ ಹೋಗ್ತದೆ, ಹಾಗಾಗಿ ಒಂದೊಂದು ಪೆಟ್ಟು ಸ್ವಲ್ಪ ಮೆತ್ತಗೆ ಬರ್ತದೆ. ಹಗುರ ಇರುದರಿಂದ ಆಗುವ ನಷ್ಟದಲ್ಲಿ ಒಂದಷ್ಟು ಹೀಗೆ ವಾಪಸ್ ಸಿಗ್ತದೆ, ಎಲ್ಲ ಅಲ್ಲ.

ಎತ್ತರವೂ ಕಾರಣ. ಎಟಿಆರ್ ಹೋಗ್ಬಹುದಾದ ಎತ್ತರ ಹೆಚ್ಚಂದ್ರೆ 25,000 ಅಡಿ, ಸಣ್ಣ ದಾರಿಯಲ್ಲಿ 20,000ದ ಕೆಳಗೇ ಇರ್ತದೆ. ಎಂಬ್ರಾಯರ್ 175ಕ್ಕೆ 41,000ದವರೆಗೆ ಅನುಮತಿ ಉಂಟು. ಮೋಡ ಇರುದೆಲ್ಲ ಕೆಳಗೆ, ಮೇಲೆ ಹೋದವರು ಮೋಡದ ಮೇಲಿಂದ ಹೋಗ್ತಾರೆ, ಎಟಿಆರ್ ಮೋಡದ ಒಳಗೆ ಜಾಸ್ತಿ ಹೊತ್ತು ಇರ್ತದೆ. ದೆಹಲಿಗೆ ಹೋಗುವ ಜೆಟ್‌ಗೆ ಇದು ದೊಡ್ಡ ಅನುಕೂಲ, ಬೆಂಗಳೂರಿಗೆ ಹೋಗುವ ಜೆಟ್‌ಗೆ ಅಷ್ಟಿಲ್ಲ, ಯಾಕಂದ್ರೆ ಅಷ್ಟು ಮೇಲೆ ಹೋಗ್ಲಿಕ್ಕೆ ಅದಕ್ಕೂ ದಾರಿ ಸಾಕಾಗುದಿಲ್ಲ.

ನಮ್ಮ ಊರಿನ ವಿಶೇಷ ಎಂತ ಅಂದ್ರೆ ಘಟ್ಟ. ಮಳೆಗಾಲದಲ್ಲಿ ಅರಬ್ಬೀ ಸಮುದ್ರದಿಂದ ಬರುವ ಗಾಳಿ ನೇರ ಪಶ್ಚಿಮ ಘಟ್ಟಕ್ಕೆ ಬಡೀತದೆ, ಕುದುರೆಮುಖ 1,894 ಮೀಟರ್ ಎತ್ತರ, ಗಾಳಿಗೆ ಹೋಗ್ಲಿಕ್ಕೆ ಬೇರೆ ದಾರಿ ಇಲ್ಲ, ಮೇಲೆ ಹತ್ತಬೇಕು. ಹತ್ತಿದ ಗಾಳಿ ತಣ್ಣಗಾಗಿ ಮೋಡ ಆಗ್ತದೆ, ಆಗುಂಬೆಗೆ ಅಷ್ಟು ಮಳೆ ಬರುದು ಇದರಿಂದಲೇ, ವಿಮಾನ ಕುಲುಕುದೂ ಇದರಿಂದಲೇ. ಬಜಪೆಯಿಂದ ಹೊರಟು ಸ್ವಲ್ಪ ಹೊತ್ತಲ್ಲಿ ಕಿಟಕಿ ಹೊರಗೆ ಬರೀ ಬೆಳ್ಳಗೆ ಆಗಿ ಕುಲುಕಾಟ ಶುರುವಾದ್ರೆ ಅದು ಘಟ್ಟದ ಮೇಲಿನ ಮೋಡ ಅಂತ ತಿಳ್ಕೊಳ್ಳಿ, ದಾಟಿ ಆಚೆ ಹೋದ ಮೇಲೆ ಹೆಚ್ಚಾಗಿ ಕಮ್ಮಿ ಆಗ್ತದೆ. ಮಾರ್ಚಿಂದ ಮೇವರೆಗೆ ಬೇರೆ ಕಥೆ, ಮಧ್ಯಾಹ್ನದ ಬಿಸಿಲಿಗೆ ನೆಲ ಕಾದು ಬಿಸಿ ಗಾಳಿ ಗುಳ್ಳೆ ಗುಳ್ಳೆಯಾಗಿ ಮೇಲೆ ಬರ್ತದೆ, ಅಕ್ಕಿ ಬೇಯುವ ಪಾತ್ರೆಯ ಹಾಗೆ. ವಾಂತಿ ಬರುವವರು ಆ ತಿಂಗಳುಗಳಲ್ಲಿ ಬೆಳಗ್ಗಿನ ಮೊದಲ ವಿಮಾನ ತಗೊಳ್ಳುದು ಒಳ್ಳೇದು, ನೆಲ ಇನ್ನೂ ಕಾದಿರುದಿಲ್ಲ.

ಕುಲುಕಿದ್ರೆ ರೆಕ್ಕೆ ಮುರೀತದಾ ಅಂತ ದೊಡ್ಡಮ್ಮ ಕೇಳಿದ್ರು. ಇಲ್ಲ. ಎಟಿಆರ್, ಕ್ಯೂ400, ಈ ಎರಡು ಎಂಬ್ರಾಯರ್ ಇವಕ್ಕೆಲ್ಲ ಸರ್ಟಿಫಿಕೇಟ್ ಕೊಡುದು ಎ320ಕ್ಕೆ ಕೊಡುವ ದೊಡ್ಡ ವಿಮಾನದ ನಿಯಮಗಳ ಪ್ರಕಾರವೇ. ಕುಲುಕಾಟದಲ್ಲಿ ಪೆಟ್ಟಾಗುದು ಹೆಚ್ಚಾಗಿ ಬೆಲ್ಟ್ ಹಾಕದವರಿಗೆ. ಕೂತಷ್ಟು ಹೊತ್ತೂ ಬೆಲ್ಟ್ ಇರ್ಲಿ.

ಕುಲುಕಾಟ ಕಮ್ಮಿ ಗೊತ್ತಾಗುದು ರೆಕ್ಕೆಯ ಹತ್ತಿರದ ಸೀಟಲ್ಲಿ. ಬಾಲದ ಕಡೆ ಜಾಸ್ತಿ, ಬಸ್ಸಿನ ಕೊನೆ ಸೀಟಿನ ಹಾಗೆ. ಈಗ ಎಟಿಆರ್‌ನಲ್ಲಿ ಒಂದು ತೊಡಕು ಬಂತು ನೋಡಿ, ಸದ್ದು ಕಮ್ಮಿ ಬೇಕಾದ್ರೆ ಹಿಂದೆ, ಕುಲುಕಾಟ ಕಮ್ಮಿ ಬೇಕಾದ್ರೆ ಮಧ್ಯ. ಎರಡೂ ಸ್ವಲ್ಪ ಸ್ವಲ್ಪ ಸಾಕು ಅನ್ನುವವರಿಗೆ ರೆಕ್ಕೆ ದಾಟಿದ ಕೂಡ್ಲೆ ಬರುವ ಎರಡು ಮೂರು ಸಾಲು. ನಾನು ದೊಡ್ಡಮ್ಮನಿಗೆ ಆರಿಸಿದ್ದು ಅದನ್ನೇ.

ಸೀಟು: ಸಣ್ಣ ವಿಮಾನದಲ್ಲಿ ಸೀಟು ಸಣ್ಣದಾ?

ಇದಕ್ಕೆ ನಾನು ಕೂತು ಲೆಕ್ಕ ಹಾಕಿದೆ. ಒಳಗಿನ ಅಗಲ ಎಟಿಆರ್‌ನಲ್ಲಿ 2.57 ಮೀಟರ್, ಎ320ಯಲ್ಲಿ 3.70, 737ರಲ್ಲಿ 3.54, ಎಂಬ್ರಾಯರ್ 175ರಲ್ಲಿ 2.74, 145ರಲ್ಲಿ 2.10. ಮಧ್ಯದ ಓಣಿಗೆ ಎಲ್ಲದರಲ್ಲೂ ಒಂದೂವರೆ ಅಡಿ, ಅಂದ್ರೆ 46 ಸೆಂಟಿಮೀಟರ್ ಬಿಟ್ಟು, ಉಳಿದದ್ದನ್ನು ಸೀಟುಗಳಿಗೆ ಹಂಚಿದ್ರೆ ಒಬ್ಬರಿಗೆ ಎಟಿಆರ್‌ನಲ್ಲಿ 53 ಸೆಂಟಿಮೀಟರ್ ಹತ್ತಿರ, ಎ320ಯಲ್ಲಿ 54, 737ರಲ್ಲಿ 51, ಎಂಬ್ರಾಯರ್ 175ರಲ್ಲಿ 57, 145ರಲ್ಲಿ 55 ಹತ್ತಿರ. ಅಂದಾಜಿನ ಲೆಕ್ಕ ಇದು, ಸೀಟಿನ ಕೈ, ಗೋಡೆ ಮಧ್ಯದ ಸಂದು ಎಲ್ಲ ಸೇರಿದೆ. ಆದ್ರೂ ಹೊರಗಿಂದ ಅಷ್ಟು ಸಪೂರ ಕಾಣುವ ಎಟಿಆರ್ ಒಳಗೆ 737ಕ್ಕಿಂತ ಕಮ್ಮಿ ಏನಿಲ್ಲ, ಮತ್ತೆ ಎಂಬ್ರಾಯರ್ 175 ಎಲ್ಲರಿಗಿಂತ ಮುಂದೆ. ಅದಕ್ಕಿಂತ ದೊಡ್ಡ ಲಾಭ ಮಧ್ಯದ ಸೀಟೇ ಇಲ್ಲ, ಇಬ್ಬರು ಅಪರಿಚಿತರ ನಡುವೆ ಕೈ ಮಡಚಿ ಕೂರುವ ಕಷ್ಟ ಇಲ್ಲ. ಎಂಬ್ರಾಯರ್ 145ರಲ್ಲಿ ಎಡಗಡೆ ಒಂದೇ ಸೀಟು, ಕಿಟಕಿಯೂ ನಿಮ್ಮದೇ ಓಣಿಯೂ ನಿಮ್ಮದೇ.

ಕಷ್ಟ ಇರುದು ಎತ್ತರದಲ್ಲಿ ಮತ್ತೆ ಗೋಡೆಯ ಬಾಗುವಿಕೆಯಲ್ಲಿ. ಎಟಿಆರ್ ಒಳಗೆ ನಿಲ್ಲುವ ಎತ್ತರ 1.91 ಮೀಟರ್, 145ರಲ್ಲಿ 1.82, ಆರಡಿಯವರು ಬಗ್ಗಿಯೇ ನಡೀಬೇಕು. ಸಣ್ಣ ಕೊಳವೆ ಆದ್ದರಿಂದ ಗೋಡೆ ಬೇಗ ಒಳಗೆ ಬಾಗ್ತದೆ, ಕಿಟಕಿ ಸೀಟಿನವರ ಹೊರಗಿನ ಕಾಲಿಗೆ ಜಾಗ ಕಮ್ಮಿ.

ಕಾಲಿನ ಜಾಗಕ್ಕೆ ಪಿಚ್ ಅಂತ ಹೇಳ್ತಾರೆ, ನಿಮ್ಮ ಸೀಟಿನ ಬೆನ್ನಿಂದ ಮುಂದಿನ ಸೀಟಿನ ಬೆನ್ನಿಗೆ ಇರುವ ದೂರ ಅದು. ಕಂಪನಿಯವರು ಎಷ್ಟು ಸೀಟು ತುರುಕಿಸಿದ್ದಾರೆ ಅನ್ನುದರ ಮೇಲೆ ಅದು ನಿಂತಿರ್ತದೆ, ವಿಮಾನದ ಮೇಲೆ ಅಲ್ಲ.

ಕಿಟಕಿಯ ವಿಷಯದಲ್ಲಿ ಎಟಿಆರ್‌ಗೆ ನನ್ನ ಪೂರ್ತಿ ಮಾರ್ಕು. ಅದರ ರೆಕ್ಕೆ ಇರುದು ಮೇಲೆ, ಕೆಳಗೆ ಅಡ್ಡ ಬರುದಿಲ್ಲ. ಇಳಿಯುವಾಗ ಫಲ್ಗುಣಿ ನದಿ ತಿರುಗಿ ತಿರುಗಿ ಹೋಗುದು, ಪಣಂಬೂರಿನ ಬಂದರು, ತೆಂಗಿನ ತೋಟದ ನಡುವೆ ಹಂಚಿನ ಮಾಡುಗಳು, ಎಲ್ಲ ಕೈಗೆ ಸಿಗುವ ಹಾಗೆ ಕಾಣ್ತದೆ.

ಬ್ಯಾಗು

ಎಟಿಆರ್‌ನಲ್ಲಿ ತಲೆ ಮೇಲಿನ ಬಾಕ್ಸ್ ಸಣ್ಣದು, ದೊಡ್ಡ ವಿಮಾನದಲ್ಲಿ ಒಳಗೆ ಹೋಗುವ ಚಕ್ರದ ಸೂಟ್‌ಕೇಸ್ ಇಲ್ಲಿ ಎಷ್ಟೋ ಸಲ ಹೋಗುದಿಲ್ಲ. ಮೆಟ್ಟಿಲ ಬುಡದಲ್ಲೇ ಅದನ್ನು ತಗೊಂಡು ಲಗೇಜಿಗೆ ಹಾಕ್ತಾರೆ. ನನ್ನ ಸೂಟ್‌ಕೇಸ್ ಒಮ್ಮೆ ಹಾಗೆ ಹೋಯ್ತು, ಲ್ಯಾಪ್‌ಟಾಪ್ ಅದರೊಳಗೇ ಇತ್ತು, ಮಳೆ ಬರ್ತಿತ್ತು, ಕೈಗೆ ಸಿಗುವಾಗ ಸೂಟ್‌ಕೇಸಿನ ಬಟ್ಟೆ ಚಂಡಿ. ಹಾಗಾಗಿ ಮದ್ದು, ಎಕ್ಸ್‌ರೇ, ಆಸ್ಪತ್ರೆ ಫೈಲು, ಚಿನ್ನ, ಚಾರ್ಜರ್ ಇವನ್ನೆಲ್ಲ ಬೇರೆ ಸಣ್ಣ ಕೈಚೀಲದಲ್ಲಿ ಇಟ್ಕೊಳ್ಳಿ. ಎಂಬ್ರಾಯರ್ 145ರಲ್ಲಿ ಬಾಕ್ಸ್ ಇರುದು ಎರಡು ಸೀಟಿನ ಬದಿಗೆ ಮಾತ್ರ. 175ರಲ್ಲಿ ಈ ತಾಪತ್ರಯ ಕಮ್ಮಿ.

ಹೊರಡುವ ಮೊದಲು ಸೆಕೆ ಯಾಕೆ

ದೊಡ್ಡ ವಿಮಾನದ ಬಾಲದಲ್ಲಿ ಒಂದು ಸಣ್ಣ ಎಕ್ಸ್‌ಟ್ರಾ ಎಂಜಿನ್ ಇರ್ತದೆ, ನಿಂತಿರುವಾಗ ಎಸಿಗೂ ಕರೆಂಟಿಗೂ ಅದೇ. ಮನೆಯ ಜನರೇಟರ್ ಇದ್ದ ಹಾಗೆ. ತೂಕ ಉಳಿಸ್ಲಿಕ್ಕೆ ಎಟಿಆರ್‌ನಲ್ಲಿ ಅದನ್ನು ಇಟ್ಟಿಲ್ಲ. ಅದರ ಬದಲು ಬಲಗಡೆಯ ಎಂಜಿನ್ನನ್ನೇ ಚಾಲೂ ಮಾಡಿ, ಫ್ಯಾನು ಮಾತ್ರ ತಿರುಗದ ಹಾಗೆ ಬ್ರೇಕ್ ಹಾಕಿ ನಿಲ್ಲಿಸ್ತಾರೆ. ಇದಕ್ಕೆ ಹೋಟೆಲ್ ಮೋಡ್ ಅಂತ ಹೆಸರು. ಬಲಗಡೆ ಕಿಟಕಿಯಿಂದ ನೋಡಿದ್ರೆ ಎಂಜಿನ್ ಕೂಗ್ತಾ ಉಂಟು, ಆರು ಬ್ಲೇಡೂ ಅಲ್ಲಾಡದೆ ನಿಂತಿವೆ, ಮೊದಲ ಸಲ ನೋಡಿದವರಿಗೆ ಎಂತದೋ ಹಾಳಾಗಿದೆ ಅಂತಲೇ ಅನಿಸ್ತದೆ. ಹಾಗೆ ಮಾಡದ ಕಡೆ ಹೊರಗಿಂದ ಕರೆಂಟ್ ಮಾತ್ರ ಕೊಡ್ತಾರೆ, ಆಗ ಏಪ್ರಿಲ್ ತಿಂಗಳ ಮಂಗಳೂರು ಸೆಕೆಯಲ್ಲಿ ಬಾಗಿಲು ಹಾಕಿ ಹೊರಡುವವರೆಗೆ ಬೆವರು ಸುರೀತದೆ. ಒಂದು ಬೈರಾಸು ಕೈಯಲ್ಲಿರ್ಲಿ. ಮೇಲೆ ಹೋದ ಮೇಲೆ ತಂಪಾಗ್ತದೆ.

ಹತ್ತುದು ಇಳಿಯುದು

ಎಟಿಆರ್‌ಗೆ ಏರೋಬ್ರಿಜ್, ಅಂದ್ರೆ ನಿಲ್ದಾಣದ ಕಟ್ಟಡದಿಂದ ನೇರ ವಿಮಾನದ ಬಾಗಿಲಿಗೆ ಹೋಗುವ ಮುಚ್ಚಿದ ಓಣಿ, ಹಾಕುದಿಲ್ಲ, ನಡೆದು ಅಥವಾ ಬಸ್ಸಲ್ಲಿ ವಿಮಾನದ ಹತ್ತಿರ ಹೋಗ್ಬೇಕು. ಬಾಗಿಲು ಹಿಂದೆ ಎಡಗಡೆ, ಮುಂದಿನ ಬಾಗಿಲು ಸಾಮಾನಿಗೆ. ಆ ಹಿಂದಿನ ಬಾಗಿಲೇ ಕೆಳಗೆ ಮಡಚಿ ಮೆಟ್ಟಿಲಾಗ್ತದೆ. ವಿಮಾನ ತಗ್ಗು ಇರುದರಿಂದ ಮೆಟ್ಟಿಲು ಬೆರಳೆಣಿಕೆಯಷ್ಟೇ, ಎ320ಗೆ ಏಣಿ ಹಾಕಿದಾಗ ಹತ್ತುವಷ್ಟು ಎತ್ತರ ಅಲ್ಲ, ಆದ್ರೆ ಕಿರಿದು, ಮಳೆಗಾಲದಲ್ಲಿ ಚಂಡಿ. ಮೊಣಕಾಲು ನೋವಿನವರಿಗೆ ಟಿಕೆಟ್ ಮಾಡುವಾಗಲೇ ವೀಲ್‌ಚೇರ್ ಹೇಳಿಡ್ಬೇಕು, ಗೇಟಿನ ಹತ್ತಿರ ಹೋಗಿ ಕೇಳಿದ್ರೆ ತಡ ಆಗ್ತದೆ. ಸೀಟು ಓಣಿ ಬದಿಯದ್ದೇ ಆರಿಸಿ, ಕಾಲು ಆಗಾಗ ನೀಡ್ಬಹುದು.

ಕಿವಿ: ಮಂಗಳೂರಿಗೆ ಇಳಿಯುವಾಗಲೇ ಜಾಸ್ತಿ ಯಾಕೆ

ಬೆಂಗಳೂರಿಗೆ ಹೋಗುವಾಗ ಕಿವಿಗೆ ಏನೂ ಆಗ್ಲಿಲ್ಲ, ಬರುವಾಗ ಮಾತ್ರ ಬಂದ್ ಆಯ್ತು ಅಂತ ಸುಮಾರು ಜನ ಹೇಳುದು ಕೇಳಿದ್ದೇನೆ. ಅದಕ್ಕೆ ಸರಿಯಾದ ಕಾರಣ ಉಂಟು.

ಕಿವಿಯ ಒಳಗಿನ ಕೋಣೆಗೂ ಗಂಟಲಿಗೂ ಮಧ್ಯೆ ಒಂದು ಸಪೂರ ಕೊಳವೆ ಉಂಟು. ಒಳಗಿನ ಗಾಳಿ ಹೊರಗೆ ಹೋಗುದು ಸುಲಭ, ಹೊರಗಿನ ಗಾಳಿ ಒಳಗೆ ಹೋಗುದು ಕಷ್ಟ. ಒದ್ದೆಯಾದ ಪ್ಲಾಸ್ಟಿಕ್ ಕವರಿನ ಬಾಯಿಯ ಹಾಗೆ, ಒಳಗಿಂದ ಒತ್ತಿದ್ರೆ ತಾನೇ ತೆರೀತದೆ, ಹೊರಗಿಂದ ಒತ್ತಿದ್ರೆ ಇನ್ನೂ ಗಟ್ಟಿ ಅಂಟ್ಕೊಳ್ತದೆ. ವಿಮಾನ ಏರುವಾಗ ಒತ್ತಡ ಕಮ್ಮಿ ಆಗ್ತದೆ, ಕಿವಿಯ ಗಾಳಿ ಹೊರಗೆ ಹೋಗ್ತದೆ, ತೊಂದರೆ ಇಲ್ಲ. ಇಳಿಯುವಾಗ ಒತ್ತಡ ಜಾಸ್ತಿ ಆಗ್ತದೆ, ಗಾಳಿ ಒಳಗೆ ಹೋಗ್ಬೇಕು, ಆಗ ನೋವು.

ಈಗ ಊರುಗಳ ಎತ್ತರ ನೋಡಿ. ಬೆಂಗಳೂರು ವಿಮಾನ ನಿಲ್ದಾಣ ಸಮುದ್ರ ಮಟ್ಟದಿಂದ 915 ಮೀಟರ್ ಮೇಲೆ, ಬಜಪೆ 100 ಮೀಟರಿನ ಹತ್ತಿರ. ವಿಮಾನದ ಒಳಗಿನ ಒತ್ತಡವನ್ನು ಎಷ್ಟೇ ಚೆಂದ ಮಾಡಿ ಇಟ್ಟರೂ ಬೆಂಗಳೂರಿಂದ ಬಂದವರ ಕಿವಿ ಕೊನೆಗೆ 800 ಮೀಟರ್ ಇಳಿಯಲೇಬೇಕು, ಆಗುಂಬೆ ಘಾಟಿ ಇಳಿದದ್ದಕ್ಕಿಂತ ಜಾಸ್ತಿ ಅದು, ಅದೂ ಸ್ವಲ್ಪ ಹೊತ್ತಿನಲ್ಲಿ. ಅತ್ಲಾಗಿ ಹೋಗುವಾಗ ಒಟ್ಟಾರೆ ಏರುದೇ. ದೊಡ್ಡ ವಿಮಾನದಲ್ಲೂ ಈ 800 ಮೀಟರ್ ತಪ್ಪುದಿಲ್ಲ, ಇದು ಎಟಿಆರ್‌ನ ದೋಷ ಅಲ್ಲವೇ ಅಲ್ಲ. ನಿಜ ಹೇಳ್ಬೇಕಂದ್ರೆ ಎಟಿಆರ್ ತಗ್ಗಿನಲ್ಲಿ ಹಾರುದರಿಂದ ಒಳಗಿನ ಒತ್ತಡವನ್ನು ನೆಲದ ಮಟ್ಟಕ್ಕೆ ಹತ್ತಿರ ಇಡ್ಲಿಕ್ಕೆ ಸುಲಭ. ಡಾರ್ನಿಯರ್‌ನ ಹಾಗೆ ಒತ್ತಡ ತುಂಬಿಸುವ ವ್ಯವಸ್ಥೆಯೇ ಇಲ್ಲದ ವಿಮಾನಗಳಲ್ಲಿ ಮಾತ್ರ ಹೊರಗೆ ಎಷ್ಟೋ ಒಳಗೂ ಅಷ್ಟೇ, ಅದಕ್ಕೇ ಅವು ತುಂಬ ಮೇಲೆ ಹೋಗುದಿಲ್ಲ.

ಮಾಡ್ಬೇಕಾದ್ದು ಇಷ್ಟು. ಇಳೀಲಿಕ್ಕೆ ಶುರುವಾಗ್ತದೆ ಅಂತ ಹೇಳಿದ ಕೂಡ್ಲೆ ಎಚ್ಚರ ಆಗಿ, ನಿದ್ದೆಯಲ್ಲಿ ಎಂಜಲು ನುಂಗುದು ಕಮ್ಮಿ. ಪೆಪ್ಪರ್‌ಮಿಂಟ್ ಚೀಪಿ, ನೀರು ಗುಟುಕು ಗುಟುಕು ಕುಡೀರಿ, ಆಕಳಿಸಿ. ಸಣ್ಣ ಮಕ್ಕಳಿಗೆ ಆಗ ಹಾಲು ಕೊಡಿ, ಮೊದಲೇ ಕೊಟ್ಟು ಮುಗಿಸ್ಬೇಡಿ. ಮೂಗು ಹಿಡಿದು ಬಾಯಿ ಮುಚ್ಚಿ ಮೆಲ್ಲ ಊದಿದ್ರೂ ಕಿವಿ ಬಿಡ್ತದೆ, ಜೋರಾಗಿ ಊದ್ಲಿಕ್ಕೆ ಹೋಗ್ಬೇಡಿ. ಶೀತ ಜೋರಿದ್ರೆ ಹೊರಡುವ ಮೊದಲು ಡಾಕ್ಟರ ಹತ್ತಿರ ಕೇಳಿ.

ದೊಡ್ಡಮ್ಮ ಹೋಗಿ ಬಂದ್ರು. ಸದ್ದು ಗ್ರೈಂಡರ್ ಪಕ್ಕ ಕೂತ ಹಾಗೆ ಇತ್ತು, ಆದ್ರೆ ಆಚೆ ಮನೆಯವ್ರು ಹೇಳಿದಷ್ಟಿಲ್ಲ ಅಂದ್ರು. ಘಟ್ಟದ ಮೇಲೆ ನಾಲ್ಕು ಸಲ ಕುಲುಕಿತಂತೆ, ಎಣಿಸಿದ್ರಂತೆ. ಬರುವಾಗ ನಾನು ಕೊಟ್ಟ ಪೆಪ್ಪರ್‌ಮಿಂಟನ್ನು ಪಕ್ಕದ ಸೀಟಿನ ಮಗುವಿಗೆ ಕೊಟ್ಟು ಬಿಟ್ಟಿದ್ರು, ಹಾಗಾಗಿ ಬಜಪೆಯಲ್ಲಿ ಇಳಿಯುವಾಗ ಎಡಗಿವಿ ಬಂದ್. ಕಾರಲ್ಲಿ ಸುರತ್ಕಲ್ ದಾಟಿದ್ರೂ ಬಿಡ್ಲಿಲ್ಲ, ನಾನು ಮಾತಾಡಿದ್ದಕ್ಕೆಲ್ಲ "ಆಂ? ಆಂ?" ಅಂತಿದ್ರು, ಹೆಜಮಾಡಿ ಟೋಲಿನ ಸಾಲಲ್ಲಿ ನಿಂತಿರುವಾಗ ದೊಡ್ಡದೊಂದು ಆಕಳಿಕೆ ಬಂತು, ಟಪ್ ಅಂತ ಬಿಟ್ಟಿತು ನೋಡು ಮಗಾ ಅಂದ್ರು.